ಸಮೀಕ್ಷೆಯೆಂದರೆ ತಪಾಸಣಾ ಶಿಬಿರವಲ್ಲ

ಕಾರ್ ನಿಕೋಬಾರ್ ದ್ವೀಪಕ್ಕೆ ಟ್ರಕೋಮಾ ಎಂಬ ಕಣ್ಣಿನ ಸೋಂಕುರೋಗದ ಸಮೀಕ್ಷೆಗೆಂದು ಹೋದಾಗ ಒಂದು ಹಳ್ಳಿಯ ಕ್ಯಾಪ್ಟನ್ (ಅಲ್ಲಿ ಊರಿನ ಮುಖ್ಯಸ್ಥರನ್ನು ಹೀಗೆ ಕರೆಯುತ್ತಾರೆ) ಮಾಡಿದ ಉಪಕಾರವೇ ನಮಗೆ ತೊಡಕಾಯಿತು. ನಾವು ಬರುವ ಸುದ್ದಿ ತಿಳಿದಿದ್ದ ಅವರು ಕಣ್ಣು ಕೆಂಪಾದ, ಪಿಸುರು ಕಟ್ಟಿದ ಮಕ್ಕಳನ್ನೆಲ್ಲ ಹುಡುಕಿ ಕರೆತಂದು ಸಮುದಾಯ ಭವನದ ಮುಂದೆ ಕೂರಿಸಿದ್ದರು. ನಮ್ಮ ಪಟ್ಟಿಯಲ್ಲಿದ್ದುದಾದರೋ ಚೀಟಿ ಎತ್ತಿ ಆರಿಸಿದ ಮನೆಗಳು; ಆ ಮನೆಗಳ ಮಕ್ಕಳಲ್ಲಿ ಅನೇಕರು ಶಾಲೆಯಲ್ಲಿದ್ದರು, ಕೆಲವರು ಹೆತ್ತವರೊಡನೆ ತೆಂಗಿನ ತೋಟಕ್ಕೆ ಹೋಗಿದ್ದರು.

ಎದುರಿಗೆ ಕುಳಿತವರನ್ನೇ ನಮೂದಿಸಿ ಕ್ಲಸ್ಟರಿನ (ಸಮೀಕ್ಷೆಗೆ ಆರಿಸಿದ ಮನೆಗಳ ಗುಂಪಿನ) ಗುರಿ ಮುಗಿಸಿಬಿಡಿ ಎಂದು ಮೇಲ್ವಿಚಾರಕರು ಹೇಳಿದರು. ಗುರಿಯ ಮೇಲೆ ಮಾತ್ರ ಕಣ್ಣಿಟ್ಟ ಕಚೇರಿ ಅವರನ್ನು ಹಾಗೆ ಪಳಗಿಸಿತ್ತು. ಆದರೆ 1ರಿಂದ 9 ವರ್ಷದ ಮಕ್ಕಳಲ್ಲಿ ಟಿಎಫ್ (ಮೇಲಿನ ರೆಪ್ಪೆಯ ಒಳಗೆ ಗುಳ್ಳೆಯೇಳುವ ಸಕ್ರಿಯ ಟ್ರಕೋಮಾ) ಶೇ. 10 ತಲುಪಿದರೆ ಇಡೀ ಜಿಲ್ಲೆಗೆ ಅಜಿಥ್ರೊಮೈಸಿನ್ ಎಂಬ ಆ್ಯಂಟಿಬಯಾಟಿಕ್ ಹಂಚಬೇಕಾಗುತ್ತದೆ, ಶೇ. 5ಕ್ಕಿಂತ ಕೆಳಗಿಳಿದರೆ ನಿರ್ಮೂಲನೆಯ ಮಾತು ಬರುತ್ತದೆ. ಇದೇ ದ್ವೀಪದಲ್ಲಿ 2010ರಲ್ಲಿ ಅರ್ಧದಷ್ಟು ಮಕ್ಕಳಲ್ಲಿ ಕಂಡಿದ್ದ ರೋಗವು ಸಾಮೂಹಿಕ ಔಷಧ ವಿತರಣೆಯ ನಂತರ, 2013ರ ವೇಳೆಗೆ, ಶೇ. 6.8ಕ್ಕೆ ಇಳಿದಿತ್ತು. ಇಂಥ ಇಳಿಕೆಯನ್ನು ಅಳೆಯಬೇಕಾದ ಕಡೆ ಕಣ್ಣು ನೋಯುವವರನ್ನೇ ಆಯ್ದು ಎಣಿಸಿದರೆ ಆ ಅಂಕಿಗೆ ಬೆಲೆ ಏನು?

ಪಟ್ಟಿಯ ಮನೆಗಳಿಗೇ ಹೋಗಬೇಕೆಂದು ನಾನು ಹೇಳಿದಾಗ ಕ್ಯಾಪ್ಟನ್ ಮುಖ ಗಂಭೀರವಾಯಿತು. ಕಣ್ಣು ಬೇನೆಯಿದ್ದವರನ್ನು ಬಿಟ್ಟು ಬೇನೆಯಿಲ್ಲದವರನ್ನು ನೋಡಲು ಇಷ್ಟು ದೂರ ಬಂದಿರಾ ಎಂದು ಅವರು ಹಿಂದಿಯಲ್ಲಿ ಕೇಳಿದರು. ಸುತ್ತ ನಿಂತಿದ್ದ ತಾಯಂದಿರು ನನ್ನ ಉತ್ತರಕ್ಕಾಗಿ ಕಾಯುತ್ತಿದ್ದರು. ಸ್ಯಾಂಪ್ಲಿಂಗ್ ಎಂಬುದನ್ನು ಆ ಹೊತ್ತಿನಲ್ಲಿ ಯಾವ ಭಾಷೆಯಲ್ಲಿ ಹೇಳಿದರೂ ಅದು ನಿರ್ದಯವಾಗಿಯೇ ಕೇಳಿಸುತ್ತಿತ್ತು. ಕೊನೆಗೆ ಫೋನನ್ನು ಚೀಲಕ್ಕೆ ಹಾಕಿ, ಕುಳಿತಿದ್ದ ಮಕ್ಕಳನ್ನೆಲ್ಲ ನೋಡಿ ಔಷಧ ಕೊಟ್ಟೆವು, ಆದರೆ ಒಬ್ಬರನ್ನೂ ಸಮೀಕ್ಷೆಯ ಆ್ಯಪ್‌ನಲ್ಲಿ ನಮೂದಿಸಲಿಲ್ಲ. ಅವರಲ್ಲಿ ಹೆಚ್ಚಿನವರಿಗೆ ಇದ್ದದ್ದು ನಮ್ಮ ಕಡೆ ಮದ್ರಾಸ್ ಐ ಎನ್ನುವ ಕಣ್ಣುಬೇನೆ.

ಅನಂತರ ಪಟ್ಟಿಯ ಮೊದಲ ಮನೆಗೆ ಕ್ಯಾಪ್ಟನ್ ಕೂಡ ಬಂದರು. ಅಲ್ಲಿ ಹಂದಿಮರಿಯನ್ನು ಅಟ್ಟಿಸಿಕೊಂಡು ಓಡುತ್ತಿದ್ದ ಹುಡುಗಿಯ ಕಣ್ಣು ತಿಳಿಯಾಗಿತ್ತು. ಕೆಳಗೆ ನೋಡು ಎಂದು ಹೇಳಿ, ರೆಪ್ಪೆಗೂದಲು ಹಿಡಿದು ಮೇಲಿನ ರೆಪ್ಪೆಯನ್ನು ಮಗುಚಿ ಲೂಪಿನಲ್ಲಿ (ಭೂತಗನ್ನಡಿಯಲ್ಲಿ) ನೋಡಿದರೆ, ಒಳಪದರದ ನಡುವೆ ನೆನೆಸಿದ ಸಬ್ಬಕ್ಕಿಯಂಥ ಗುಳ್ಳೆಗಳು, ಅಂದರೆ ಫಾಲಿಕಲ್‌ಗಳು ಕಂಡವು. ಅರ್ಧ ಮಿಲಿಮೀಟರಿಗೆ ಕಡಿಮೆಯಿಲ್ಲದವು ಐದಿದ್ದರೆ ಟಿಎಫ್, ಇವಳಿಗೆ ಅದಕ್ಕೂ ಹೆಚ್ಚಿದ್ದವು. ಲೂಪನ್ನು ಕ್ಯಾಪ್ಟನ್‌ಗೆ ಕೊಟ್ಟೆ. ಅವರು ನೋಡಿ, ಇವಳು ಒಮ್ಮೆಯೂ ಕಣ್ಣು ನೋವೆಂದಿಲ್ಲವಲ್ಲ ಎಂದರು. ಅವಳ ತಾಯಿಗೆ ಟೆಟ್ರಾಸೈಕ್ಲಿನ್ ಮುಲಾಮು ಕೊಟ್ಟು ಹಚ್ಚುವ ಕ್ರಮ ಹೇಳಿದೆವು.

ಶಾಲೆ ಬಿಟ್ಟ ಮೇಲೆ ಉಳಿದ ಮನೆಗಳಿಗೆ ಮತ್ತೆ ಹೋದೆವು. ತೋಟದ ದಾರಿಯನ್ನು ಕ್ಯಾಪ್ಟನ್ನೇ ತೋರಿಸಿದರು. ಆದರೂ ಗುರಿಗಿಂತ ಕಡಿಮೆ ಮಕ್ಕಳೇ ಸಿಕ್ಕಿದರು, ಕಚೇರಿ ವಿವರಣೆ ಕೇಳಿತು. ಪಟ್ಟಿಯಲ್ಲಿ ಇಲ್ಲದವರಿಗೆ ಕೊಟ್ಟ ಮುಲಾಮಿನ ಟ್ಯೂಬುಗಳ ಲೆಕ್ಕವನ್ನೂ ಅದೇ ಪತ್ರದಲ್ಲಿ ಕೇಳಿದ್ದರು.