ವಿಂಬಲ್ಡನ್ ಕ್ಲಬ್ ಹುಟ್ಟಿದ್ದು 1889ರಲ್ಲೋ, 2002ರಲ್ಲೋ?

ನಾನು ಎಎಫ್‌ಸಿ ವಿಂಬಲ್ಡನ್ ಅಭಿಮಾನಿ ಅಂದ ಕೂಡಲೇ ಬರುವ ಮೊದಲ ಪ್ರಶ್ನೆ, "ವಿಂಬಲ್ಡನ್ ಅಂದ್ರೆ ಟೆನಿಸ್ ಅಲ್ವಾ?" ಅದಕ್ಕೆ ಉತ್ತರ ಸುಲಭ. ವಿಂಬಲ್ಡನ್ ಲಂಡನ್ನಿನ ನೈಋತ್ಯಕ್ಕಿರುವ ಒಂದು ಊರು, ಈಗ ಮಹಾನಗರದೊಳಗೇ ಸೇರಿಹೋಗಿದೆ. ಬೇಸಿಗೆಯಲ್ಲಿ ಎರಡು ವಾರ ಅಲ್ಲಿ ಟೆನಿಸ್. ಆಗಸ್ಟ್‌ನಿಂದ ಮೇವರೆಗೆ ಫುಟ್ಬಾಲ್.

ಫುಟ್ಬಾಲ್ ಬಲ್ಲವರು ಕೇಳುವ ಪ್ರಶ್ನೆ ಬೇರೆ. ಅದನ್ನು ಅತಿ ಹೆಚ್ಚು ಸಲ ಕೇಳಿರುವುದು ನನ್ನ ಅಕ್ಕನ ಮಗ. ಅವನು ಹುಟ್ಟಿದ್ದು 2004ರಲ್ಲಿ, ಲಿವರ್‌ಪೂಲ್ ಅಂದ್ರೆ ಪ್ರಾಣ. "ಮಾಮ, ನಿಮ್ಮ ಕ್ಲಬ್ಬು ನನಗಿಂತ ಎರಡೇ ವರ್ಷ ದೊಡ್ಡದು. 1988ರಲ್ಲಿ ಎಫ್‌ಎ ಕಪ್ ಗೆದ್ವಿ ಅಂತ ಹೇಗೆ ಹೇಳ್ತೀರಾ?" (ಎಫ್‌ಎ ಅಂದರೆ ಇಂಗ್ಲೆಂಡಿನ ಫುಟ್ಬಾಲ್ ಸಂಸ್ಥೆ. ಅದು ನಡೆಸುವ ಈ ಕಪ್‌ನಲ್ಲಿ ದೊಡ್ಡ ಕ್ಲಬ್ಬುಗಳ ಜೊತೆ ಸಣ್ಣವೂ ಆಡುತ್ತವೆ.) ಕಾಗದ ನೋಡಿದರೆ ಅವನು ಹೇಳುವುದು ಸರಿ. ಎಎಫ್‌ಸಿ ವಿಂಬಲ್ಡನ್ ಅನ್ನುವ ಹೆಸರು ಬಂದಿದ್ದು 2002ರಲ್ಲಿ. ಆದರೂ ನನ್ನ ಉತ್ತರ 1889. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಹೇಳಬೇಕು.

1889ರಲ್ಲಿ ವಿಂಬಲ್ಡನ್ನಿನ ಸೆಂಟ್ರಲ್ ಸ್ಕೂಲಿನ ಹಳೆಯ ವಿದ್ಯಾರ್ಥಿಗಳು ಸೇರಿ ಒಂದು ತಂಡ ಕಟ್ಟಿದರು. ಹೆಸರು ವಿಂಬಲ್ಡನ್ ಓಲ್ಡ್ ಸೆಂಟ್ರಲ್ಸ್. ಆಡುತ್ತಿದ್ದದ್ದು ವಿಂಬಲ್ಡನ್ ಕಾಮನ್‌ನಲ್ಲಿ. ಕಾಮನ್ ಅಂದರೆ ಊರವರೆಲ್ಲರೂ ಬಳಸುವ ದೊಡ್ಡ ಬಯಲು, ಸ್ವಲ್ಪ ನಮ್ಮ ಗೋಮಾಳದ ಹಾಗೆ. ಈ ಬಯಲು ಮುಂದೆ ಮತ್ತೆ ಬರುತ್ತದೆ, ನೆನಪಿರಲಿ. 1912ರಲ್ಲಿ ಕ್ಲಬ್ ಪ್ಲೌ ಲೇನ್ ಅನ್ನುವ ರಸ್ತೆಯ ಮೈದಾನಕ್ಕೆ ಬಂತು. ಅಲ್ಲಿಂದ ಸುಮಾರು ಎಂಬತ್ತು ವರ್ಷ ಅದೇ ಮನೆ.

ಬಹಳ ಕಾಲ ಇದು ಹವ್ಯಾಸಿಗಳ ಕ್ಲಬ್. 1963ರಲ್ಲಿ ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ಹವ್ಯಾಸಿ ತಂಡಗಳ ಅಮೆಚೂರ್ ಕಪ್ ಗೆದ್ದಿತು. ಸಟನ್ ಯುನೈಟೆಡ್ ವಿರುದ್ಧ 4-2. ನಾಲ್ಕೂ ಗೋಲ್ ಎಡ್ಡಿ ರೆನಾಲ್ಡ್ಸ್ ಒಬ್ಬರದೇ, ನಾಲ್ಕೂ ತಲೆಯಿಂದ ಹೊಡೆದದ್ದು.

ನನಗೆ ಈ ಕ್ಲಬ್ಬಿನ ಹುಚ್ಚು ಹತ್ತಿಸಿದ್ದು ಮಾತ್ರ 1975ರ ಜನವರಿಯ ಒಂದು ಪಂದ್ಯ. ಆಗ ವಿಂಬಲ್ಡನ್ ಇನ್ನೂ ಫುಟ್ಬಾಲ್ ಲೀಗಿನ, ಅಂದರೆ ದೇಶದ ಮೇಲಿನ ನಾಲ್ಕು ಡಿವಿಷನ್‌ಗಳ, ಹೊರಗಿತ್ತು, ಸದರ್ನ್ ಲೀಗ್‌ನಲ್ಲಿ ಆಡುತ್ತಿತ್ತು. ಎಫ್‌ಎ ಕಪ್‌ನಲ್ಲಿ ಮೊದಲು ಬರ್ನ್ಲಿಗೆ ಹೋಗಿ 1-0 ಗೆದ್ದರು. ಬರ್ನ್ಲಿ ಆಗ ದೇಶದ ಅತ್ಯುನ್ನತ ಡಿವಿಷನ್ನಿನ ತಂಡ. ಮುಂದಿನ ಸುತ್ತಿನಲ್ಲಿ ಎದುರಾಳಿ ಲೀಡ್ಸ್ ಯುನೈಟೆಡ್, ಹಿಂದಿನ ವರ್ಷದ ಲೀಗ್ ಚಾಂಪಿಯನ್. ಲೀಡ್ಸ್‌ನ ಸ್ವಂತ ಮೈದಾನ. ವಿಂಬಲ್ಡನ್ ಗೋಲ್ ಕಾಯುತ್ತಿದ್ದವರು ಡಿಕಿ ಗೈ, ಗಡ್ಡ ಬಿಟ್ಟ ಮನುಷ್ಯ. ಅವರ ನಿತ್ಯದ ಕೆಲಸ ಲಂಡನ್ ಹಡಗುಕಟ್ಟೆಯಲ್ಲಿ ಸರಕಿನ ಲೆಕ್ಕ ಬರೆಯುವ ಗುಮಾಸ್ತಿಕೆ. ಪಂದ್ಯ ಮುಗಿಯುತ್ತ ಬಂದಿದೆ, ಇನ್ನೂ 0-0. ಆಗ ಲೀಡ್ಸ್‌ಗೆ ಪೆನಾಲ್ಟಿ. ಹೊಡೆಯಲು ಬಂದವರು ಪೀಟರ್ ಲೋರಿಮರ್. ಇಂಗ್ಲೆಂಡಿನಲ್ಲೇ ಅತಿ ಬಿರುಸಿನ ಹೊಡೆತ ಅವರದು ಅಂತ ಹೆಸರು. ಗುಮಾಸ್ತ ಅದನ್ನು ತಡೆದುಬಿಟ್ಟರು! ಎರಡನೇ ಸಲ ಆಡಿದಾಗ ಲೀಡ್ಸ್ 1-0 ಗೆದ್ದಿತು, ಅದೂ ವಿಂಬಲ್ಡನ್ನಿನ ಡೇವ್ ಬ್ಯಾಸೆಟ್‌ಗೆ ತಗುಲಿ ದಿಕ್ಕು ತಪ್ಪಿದ ಚೆಂಡಿನಿಂದ. ಆದರೆ ಅಷ್ಟು ಹೊತ್ತಿಗೆ ವಿಂಬಲ್ಡನ್ ಹೆಸರು ದೇಶಕ್ಕೆಲ್ಲ ಗೊತ್ತಾಗಿತ್ತು.

1977ರಲ್ಲಿ ಕ್ಲಬ್ ಫುಟ್ಬಾಲ್ ಲೀಗಿಗೆ ಆಯ್ಕೆಯಾಯಿತು. ಅದೇ ಡೇವ್ ಬ್ಯಾಸೆಟ್ ಮುಂದೆ ಮ್ಯಾನೇಜರ್ ಆದರು. ನಾಲ್ಕನೇ ಡಿವಿಷನ್ನಿನಿಂದ ಹತ್ತುತ್ತಾ ಹತ್ತುತ್ತಾ 1986ರಲ್ಲಿ ಮೊದಲ ಡಿವಿಷನ್. ಒಂಬತ್ತೇ ವರ್ಷ.

1988ರ ಫೈನಲ್ ಬಗ್ಗೆ ಎಲ್ಲರಿಗೂ ಗೊತ್ತಿದೆ ಅಂದುಕೊಂಡಿದ್ದೆ. ಈಗಿನ ಹುಡುಗರಿಗೆ ಗೊತ್ತಿಲ್ಲ. ಮೇ 14, ವೆಂಬ್ಲಿ, ಎದುರಿಗೆ ಆ ವರ್ಷದ ಲೀಗ್ ಚಾಂಪಿಯನ್ ಲಿವರ್‌ಪೂಲ್. ವಿಂಬಲ್ಡನ್ ತಂಡಕ್ಕೆ 'ಕ್ರೇಜಿ ಗ್ಯಾಂಗ್' ಅಂತ ಅಡ್ಡಹೆಸರು. ವಿನಿ ಜೋನ್ಸ್, ಜಾನ್ ಫಶಾನು, ಡೆನಿಸ್ ವೈಸ್ ಅಂಥವರ ತಂಡ. ಒರಟು ಆಟ, ಉದ್ದನೆಯ ಪಾಸು, ಡ್ರೆಸ್ಸಿಂಗ್ ರೂಮಿನಲ್ಲಿ ಮಿತಿಮೀರಿದ ಚೇಷ್ಟೆ. ಆ ಚೇಷ್ಟೆಗಳಲ್ಲಿ ಕೆಲವು ನನಗೂ ಹಿಡಿಸುವುದಿಲ್ಲ. ಆದರೆ ತಲೆ ಇಲ್ಲದ ತಂಡ ಅನ್ನುವುದನ್ನು ನಾನು ಒಪ್ಪಲ್ಲ. 37ನೇ ನಿಮಿಷದಲ್ಲಿ ವೈಸ್ ಕೊಟ್ಟ ಫ್ರೀ ಕಿಕ್‌ಗೆ ಲಾರಿ ಸ್ಯಾಂಚೆಜ್ ತಲೆ ತಾಗಿಸಿದರು, ಗೋಲ್. ಎರಡನೇ ಅರ್ಧದಲ್ಲಿ ಲಿವರ್‌ಪೂಲ್‌ಗೆ ಪೆನಾಲ್ಟಿ. ಜಾನ್ ಆಲ್ಡ್ರಿಜ್ ಹೇಗೆ ಹೊಡೆಯುತ್ತಾರೆ ಅಂತ ಗೋಲ್ ಕೀಪರ್ ಡೇವ್ ಬೆಸೆಂಟ್ ಮೊದಲೇ ಟಿವಿಯಲ್ಲಿ ನೋಡಿ ಲೆಕ್ಕ ಹಾಕಿಕೊಂಡಿದ್ದರು. ತಮ್ಮ ಎಡಕ್ಕೆ ಹಾರಿ ಚೆಂಡನ್ನು ಆಚೆ ತಳ್ಳಿದರು. ವೆಂಬ್ಲಿಯ ಎಫ್‌ಎ ಕಪ್ ಫೈನಲ್‌ನಲ್ಲಿ ಪೆನಾಲ್ಟಿ ತಡೆದದ್ದು ಅದೇ ಮೊದಲು. ಬೆಸೆಂಟೇ ಕ್ಯಾಪ್ಟನ್ ಕೂಡ. ರಾಜಕುಮಾರಿ ಡಯಾನಾ ಕೈಯಿಂದ ಕಪ್ ಪಡೆದವರು ಅವರೇ.

ಹನ್ನೊಂದು ವರ್ಷದ ಹಿಂದೆ ಲೀಗಿನಲ್ಲೇ ಇರದಿದ್ದ ಕ್ಲಬ್ಬಿಗೆ ಎಫ್‌ಎ ಕಪ್. ಕಥೆ ಇಲ್ಲಿಗೇ ನಿಂತಿದ್ದರೆ ಚೆನ್ನಾಗಿರುತ್ತಿತ್ತು.

1989ರಲ್ಲಿ ಹಿಲ್ಸ್‌ಬರೋ ದುರಂತವಾಯಿತು. ನೂಕುನುಗ್ಗಲಿನಲ್ಲಿ 97 ಲಿವರ್‌ಪೂಲ್ ಅಭಿಮಾನಿಗಳ ಪ್ರಾಣ ಹೋಯಿತು. ಅದರ ನಂತರ ದೊಡ್ಡ ಡಿವಿಷನ್‌ಗಳ ಮೈದಾನಗಳಲ್ಲಿ ಎಲ್ಲರಿಗೂ ಕೂರಲು ಸೀಟು ಇರಲೇಬೇಕು ಅಂತ ನಿಯಮ ಬಂತು. ಒಳ್ಳೆಯ ನಿಯಮವೇ. ಆದರೆ ಹಳೆಯ ಪ್ಲೌ ಲೇನ್‌ನಲ್ಲಿ ಹೆಚ್ಚಿನವರು ನಿಂತೇ ನೋಡುತ್ತಿದ್ದರು. ಅದನ್ನು ಸರಿಪಡಿಸುವ ಬದಲು ಮಾಲೀಕರು 1991ರಲ್ಲಿ ತಂಡವನ್ನು ಕ್ರಿಸ್ಟಲ್ ಪ್ಯಾಲೇಸ್ ಕ್ಲಬ್ಬಿನ ಸೆಲ್‌ಹರ್ಸ್ಟ್ ಪಾರ್ಕಿಗೆ ಕರೆದೊಯ್ದರು. ತಾತ್ಕಾಲಿಕ ಅಂದರು, ಹನ್ನೆರಡು ವರ್ಷ ಅಲ್ಲೇ ಉಳಿಯಿತು. ಪ್ಲೌ ಲೇನ್ ಜಾಗ ಮಾರಾಟವಾಯಿತು. ಈಗ ಅಲ್ಲಿ ಅಪಾರ್ಟ್‌ಮೆಂಟ್‌ಗಳಿವೆ. ಹೆಸರು ರೆನಾಲ್ಡ್ಸ್ ಗೇಟ್. ಆ ನಾಲ್ಕು ಗೋಲಿನ ಎಡ್ಡಿ ರೆನಾಲ್ಡ್ಸ್ ನೆನಪಿಗೆ ಇಟ್ಟದ್ದು.

ಬಾಡಿಗೆ ಮನೆಯಲ್ಲಿದ್ದುಕೊಂಡೇ ವಿಂಬಲ್ಡನ್ ಪ್ರೀಮಿಯರ್ ಲೀಗಿನಲ್ಲಿ 1992ರಿಂದ ಎಂಟು ಸೀಸನ್ ಆಡಿತು. 2000ದ ಮೇ 14ರಂದು, ಕಪ್ ಗೆದ್ದು ಸರಿಯಾಗಿ ಹನ್ನೆರಡು ವರ್ಷಕ್ಕೆ, ಕೆಳಗಿನ ಡಿವಿಷನ್ನಿಗೆ ಇಳಿಯಿತು. ಮುಂದಿನ ವರ್ಷ ಆಗಿನ ಮಾಲೀಕರ ಕಡೆಯಿಂದ ಒಂದು ಘೋಷಣೆ ಬಂತು. ಕ್ಲಬ್ಬನ್ನು ಮಿಲ್ಟನ್ ಕೀನ್ಸ್‌ಗೆ ಸ್ಥಳಾಂತರಿಸುತ್ತೇವೆ. ಅದು ಉತ್ತರಕ್ಕೆ ಸುಮಾರು 90 ಕಿಲೋಮೀಟರ್ ದೂರದ ಹೊಸ ನಗರ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಅಮೆರಿಕದಲ್ಲಿ ತಂಡಗಳು ಊರಿಂದ ಊರಿಗೆ ಹೋಗುವುದುಂಟು. ಇಂಗ್ಲೆಂಡಿನಲ್ಲಿ ಹಾಗಲ್ಲ. ಅಲ್ಲಿ ಕ್ಲಬ್ ಅಂದರೆ ಊರಿನ ಆಸ್ತಿ. ಅಪ್ಪ ಕರೆದುಕೊಂಡು ಹೋದ ಜಾಗಕ್ಕೇ ಮಗಳೂ ಮಗನೂ ಹೋಗುತ್ತಾರೆ. ಫುಟ್ಬಾಲ್ ಲೀಗ್ ಕೂಡ ಮೊದಲು ಬೇಡವೆಂದಿತು. ಮಾಲೀಕರು ಪಟ್ಟು ಬಿಡಲಿಲ್ಲ. ಕೊನೆಗೆ ವಿಷಯ ಎಫ್‌ಎ ನೇಮಿಸಿದ ಮೂವರ ಆಯೋಗದ ಮುಂದೆ ಹೋಯಿತು. 2002ರ ಮೇ 28ರಂದು ತೀರ್ಪು. ಇಬ್ಬರು ಹೋಗಲಿ ಅಂದರು, ಒಬ್ಬರು ಬೇಡ ಅಂದರು. ಹೋಗದಿದ್ದರೆ ಕ್ಲಬ್ ಮುಳುಗಿಹೋಗುತ್ತದೆ ಅನ್ನುವುದು ಆ ಇಬ್ಬರ ವಾದ. ನಷ್ಟ ಇದ್ದದ್ದು ನಿಜವೇ. ಆದರೆ ಅದೇ ವರದಿಯಲ್ಲಿ ಇನ್ನೊಂದು ಮಾತಿತ್ತು. ಅಭಿಮಾನಿಗಳು ಬೂದಿಯಿಂದ ಕ್ಲಬ್ಬನ್ನು ಮತ್ತೆ ಎಬ್ಬಿಸುವುದು ಫುಟ್ಬಾಲಿನ ಒಟ್ಟಾರೆ ಹಿತಕ್ಕೆ ಒಳ್ಳೆಯದಲ್ಲವಂತೆ. ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಆಯಿತು, ಆ ಸಾಲು ನೆನಪಾದರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಅಭಿಮಾನಿಗಳು ಅತ್ತು ಮನೆಗೆ ಹೋಗಲಿಲ್ಲ. ಎರಡೇ ದಿನದಲ್ಲಿ ಸಭೆ ಸೇರಿದರು. ಹೊಸ ಹೆಸರು, ಆಡಲು ಮೈದಾನ, ಸೇರಲು ಒಂದು ಲೀಗ್, ಮ್ಯಾನೇಜರ್, ಎಲ್ಲ ಹೊಂದಿಸಿದರು. ಆಟಗಾರರು ಮಾತ್ರ ಇರಲಿಲ್ಲ. ಆಡಲು ಇಷ್ಟವಿರುವವರು ಬನ್ನಿ ಅಂತ ಕರೆ ಕೊಟ್ಟರು. ಜೂನ್ 29ರಂದು 230 ಜನ ಬಂದರು. ಬಂದದ್ದು ಎಲ್ಲಿಗೆ? ವಿಂಬಲ್ಡನ್ ಕಾಮನ್‌ಗೆ. 1889ರಲ್ಲಿ ಶಾಲೆಯ ಹುಡುಗರು ಆಡಿದ್ದ ಅದೇ ಬಯಲಿಗೆ. ಇದನ್ನು ಮೊದಲ ಸಲ ಓದಿದಾಗ ನಾನು ಸುಮ್ನೆ ಕೂತುಬಿಟ್ಟಿದ್ದೆ.

ಜುಲೈ 10ರಂದು ಮೊದಲ ಸ್ನೇಹ ಪಂದ್ಯ, ಸಟನ್‌ನಲ್ಲಿ. 4-0 ಸೋಲು. ನೋಡಲು ಬಂದವರು 4,657 ಜನ. ಆಗಸ್ಟ್‌ನಲ್ಲಿ ಕಂಬೈಂಡ್ ಕೌಂಟೀಸ್ ಲೀಗಿನ ಮೊದಲ ಪಂದ್ಯಕ್ಕೆ ಸ್ಯಾಂಡ್‌ಹರ್ಸ್ಟ್ ಅನ್ನುವ ಪುಟ್ಟ ಊರಿಗೆ ಹೋದರು. ಅಲ್ಲಿ 2,449 ಜನ. ಅದು ಲೀಗ್ ಏಣಿಯ ತೀರಾ ಕೆಳಗಿನ ಮೆಟ್ಟಿಲು, ಬೆರಳೆಣಿಕೆಯ ಜನ ನೋಡುವ ಜಾಗ. ಅದೇ ಸೀಸನ್‌ನಲ್ಲಿ ಹಳೆಯ ಕಂಪನಿಯ ತಂಡ, ಅಂದರೆ ಮಿಲ್ಟನ್ ಕೀನ್ಸ್‌ಗೆ ಹೊರಟಿದ್ದ ವಿಂಬಲ್ಡನ್, ಇನ್ನೂ ಸೆಲ್‌ಹರ್ಸ್ಟ್ ಪಾರ್ಕಿನಲ್ಲೇ ಆಡುತ್ತಿತ್ತು, ದೇಶದ ಎರಡನೇ ಡಿವಿಷನ್ನಿನಲ್ಲಿ. ರೋದರಂ ವಿರುದ್ಧದ ಒಂದು ಪಂದ್ಯಕ್ಕೆ ಬಂದದ್ದು 849 ಜನ, ಅದರಲ್ಲಿ ರೋದರಂನಿಂದ ಬಂದವರೂ ಸೇರಿ. ಹೊಸ ತಂಡದ ಸರಾಸರಿ ಮೂರು ಸಾವಿರ ದಾಟಿತ್ತು.

ಅಕ್ಕನ ಮಗನಿಗೆ ನಾನು ತೋರಿಸುವ ಲೆಕ್ಕ ಇದೇ. ಲೈಸೆನ್ಸು, ಆಟಗಾರರು, ಲೀಗಿನ ಸ್ಥಾನ ಎಲ್ಲ ಒಂದು ಕಡೆ ಇತ್ತು. ಜನ ಇನ್ನೊಂದು ಕಡೆ ಇದ್ದರು. 1988ರಲ್ಲಿ ವೆಂಬ್ಲಿಗೆ ಹೋಗಿ ಕಿರುಚಿದ್ದ ಅದೇ ಜನ. ಲೀಡ್ಸ್‌ನಲ್ಲಿ ಪೆನಾಲ್ಟಿ ತಡೆದ ಡಿಕಿ ಗೈ ಎಲ್ಲಿ ಹೋದರು? ಹೊಸ ಕ್ಲಬ್ಬಿಗೆ ಬಂದು ಅದರ ಅಧ್ಯಕ್ಷರಾದರು.

ಕ್ಲಬ್ಬಿನ ಬಹುಪಾಲು ಒಡೆತನ ಅಭಿಮಾನಿಗಳ ಡಾನ್ಸ್ ಟ್ರಸ್ಟ್ ಕೈಯಲ್ಲಿದೆ (ಡಾನ್ಸ್ ಅನ್ನುವುದು ವಿಂಬಲ್ಡನ್ನಿನ ಅಡ್ಡಹೆಸರು). ಒಬ್ಬ ಸದಸ್ಯನಿಗೆ ಒಂದೇ ಮತ. ಇನ್ನೊಮ್ಮೆ ಯಾರೂ ಕ್ಲಬ್ಬನ್ನು ಎತ್ತಿಕೊಂಡು ಹೋಗಬಾರದು ಅಂತ ಹಾಕಿದ ಬೀಗ ಅದು.

ಆಮೇಲೆ ಮತ್ತೆ ಹತ್ತುವ ಕೆಲಸ. 2003ರ ಫೆಬ್ರವರಿಯಿಂದ 2004ರ ಡಿಸೆಂಬರ್‌ವರೆಗೆ ಲೀಗಿನಲ್ಲಿ ಸತತ 78 ಪಂದ್ಯ ಸೋಲಲಿಲ್ಲ. ಐದು ಬಡ್ತಿ. ಐದನೆಯದು 2011ರ ಮೇ 21ರಂದು, ಮ್ಯಾಂಚೆಸ್ಟರ್‌ನಲ್ಲಿ, ಲೂಟನ್ ಟೌನ್ ವಿರುದ್ಧ ಪ್ಲೇ ಆಫ್ ಫೈನಲ್. ಗೆದ್ದವರು ಫುಟ್ಬಾಲ್ ಲೀಗಿಗೆ. 120 ನಿಮಿಷ ಆಡಿದರೂ 0-0. ಪೆನಾಲ್ಟಿಗಳು ಶುರುವಾದವು. ಗೋಲ್ ಕೀಪರ್ ಸೆಬ್ ಬ್ರೌನ್ ಚಿಕ್ಕಂದಿನಿಂದ ವಿಂಬಲ್ಡನ್ ಅಭಿಮಾನಿ. ಎರಡು ಹೊಡೆತ ತಡೆದ. ಕೊನೆಯದನ್ನು ಹೊಡೆಯಲು ಕ್ಯಾಪ್ಟನ್ ಡ್ಯಾನಿ ಕೆಡ್ವೆಲ್ ಬಂದ. ಜೋರಾಗಿ ಹೊಡೆದ, ಬಲೆ ಉಬ್ಬಿತು, 4-3. ಮತ್ತೆ ಅದೇ ಒಂಬತ್ತು ವರ್ಷ. ಆ ತುಣುಕನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲ ಕೆಡ್ವೆಲ್ ಚೆಂಡು ಇಡುವಾಗ ಎದೆ ಹೊಡೆದುಕೊಳ್ಳುತ್ತದೆ.

ಮಿಲ್ಟನ್ ಕೀನ್ಸ್ ಕಥೆಯನ್ನೂ ಹೇಳಬೇಕು. ಹಳೆಯ ಕಂಪನಿ 2003ರಲ್ಲಿ ಅಲ್ಲಿಗೆ ಹೋಯಿತು, ಮುಂದಿನ ವರ್ಷ ಎಂಕೆ ಡಾನ್ಸ್ ಅಂತ ಹೆಸರು ಬದಲಿಸಿಕೊಂಡಿತು. ಅಲ್ಲಿ ಬೆಳೆದು ಆ ತಂಡವನ್ನು ಪ್ರೀತಿಸುವ ಮಕ್ಕಳ ಮೇಲೆ ನನಗೆ ಕೋಪವಿಲ್ಲ, ಅವರದೇನು ತಪ್ಪು? 2007ರಲ್ಲಿ ವಿಂಬಲ್ಡನ್ ಇತಿಹಾಸದ ಮೇಲಿನ ಹಕ್ಕನ್ನು ಎಂಕೆ ಡಾನ್ಸ್ ಬಿಟ್ಟುಕೊಟ್ಟಿತು. ಎಫ್‌ಎ ಕಪ್ಪಿನ ಪ್ರತಿಕೃತಿಯೂ ಸೇರಿ ಹಳೆಯ ಗೌರವಗಳೆಲ್ಲ ಮರ್ಟನ್ ಸ್ಥಳೀಯ ಆಡಳಿತದ ವಶಕ್ಕೆ ಬಂದವು. ವಿಂಬಲ್ಡನ್ ಇರುವುದು ಮರ್ಟನ್‌ನಲ್ಲಿ. ಹಾಗಾಗಿ 1988ರ ಕಪ್ ಯಾರದು ಅನ್ನುವುದಕ್ಕೆ ಕಾಗದದ ಸಾಕ್ಷಿ ಬೇಕೆಂದರೂ ಅದು ನಮ್ಮ ಕಡೆಗಿದೆ.

2016ರಲ್ಲಿ ವೆಂಬ್ಲಿಯಲ್ಲಿ ಪ್ಲಿಮತ್ ತಂಡವನ್ನು 2-0 ಸೋಲಿಸಿ ದೇಶದ ಮೂರನೇ ಡಿವಿಷನ್ ಆದ ಲೀಗ್ ಒನ್‌ಗೆ ಹೋದರು. ಆಗಿನ ಮ್ಯಾನೇಜರ್ ನೀಲ್ ಆರ್ಡ್ಲಿ, ಹಳೆಯ ವಿಂಬಲ್ಡನ್‌ನಲ್ಲೇ ಬೆಳೆದು ಆಡಿದವರು.

ಆದರೂ ಊರಿಗೆ ಮರಳಿರಲಿಲ್ಲ. ಅಷ್ಟು ವರ್ಷ ಆಡಿದ್ದು ಪಕ್ಕದ ಕಿಂಗ್‌ಸ್ಟನ್‌ನಲ್ಲಿ. ಪ್ಲೌ ಲೇನ್‌ನಲ್ಲೇ ಹಳೆಯ ಮೈದಾನದಿಂದ ಕೂಗಳತೆಯಲ್ಲಿ ಒಂದು ನಾಯಿ ಓಟದ ಕ್ರೀಡಾಂಗಣವಿತ್ತು. ಆ ಜಾಗದಲ್ಲಿ ಹೊಸ ಮೈದಾನ ಕಟ್ಟಿದರು. ಹಣ ಸಾಲದಾದಾಗ ಹೊರಗಿನ ಹೂಡಿಕೆದಾರರಿಗೆ ಹಿಡಿತ ಬಿಟ್ಟುಕೊಡುವ ಬದಲು ಅಭಿಮಾನಿಗಳೇ ಬಾಂಡ್ ಕೊಂಡರು. 50 ಲಕ್ಷ ಪೌಂಡಿಗೂ ಜಾಸ್ತಿ ಕೂಡಿತು. 2020ರ ನವೆಂಬರ್ 3ರಂದು ಡಾಂಕಾಸ್ಟರ್ ವಿರುದ್ಧ ಮೊದಲ ಪಂದ್ಯ, 2-2. ಇಪ್ಪತ್ತೊಂಬತ್ತು ವರ್ಷದ ನಂತರ ಪ್ಲೌ ಲೇನ್. ಕೊರೊನಾ ಕಾರಣ ಒಳಗೆ ಒಬ್ಬ ಅಭಿಮಾನಿಯೂ ಇರಲಿಲ್ಲ. ಕಟ್ಟಿದವರೇ ಮನೆಯಲ್ಲಿ ಕೂತು ಪರದೆಯಲ್ಲಿ ನೋಡಿದರು.

2024ರ ಸೆಪ್ಟೆಂಬರ್‌ನಲ್ಲಿ ಪಕ್ಕದ ವಾಂಡಲ್ ನದಿ ಉಕ್ಕಿ ಮೈದಾನಕ್ಕೆ ನುಗ್ಗಿತು. ಹುಲ್ಲಿನ ಒಂದು ಮೂಲೆ ಕುಸಿದು ದೊಡ್ಡ ಗುಂಡಿಯಾಯಿತು. ನ್ಯೂಕ್ಯಾಸಲ್ ವಿರುದ್ಧ ಅಲ್ಲೇ ನಡೆಯಬೇಕಿದ್ದ ಲೀಗ್ ಕಪ್ ಪಂದ್ಯ ನ್ಯೂಕ್ಯಾಸಲ್‌ಗೇ ಹೋಯಿತು. ಆ ಗುಂಡಿಯ ಫೋಟೋ ಕಳಿಸಿ ಅಕ್ಕನ ಮಗ ಕೇಳಿದ, "ಮಾಮ, ಈಗೇನು ಮಾಡ್ತಾರೆ?" ಏನು ಮಾಡುತ್ತಾರೆ! ಅಭಿಮಾನಿಗಳು ಕೆಸರು ಬಾಚಲು ಬಂದರು, ದುಡ್ಡು ಕೂಡಿಸಿದರು. 2025ರ ಮೇನಲ್ಲಿ ಅದೇ ತಂಡ ವೆಂಬ್ಲಿಯಲ್ಲಿ ವಾಲ್ಸಾಲ್ ವಿರುದ್ಧ 1-0 ಗೆದ್ದು ಮತ್ತೆ ಲೀಗ್ ಒನ್‌ಗೆ ಹತ್ತಿತು. ಗೋಲ್ ಹೊಡೆದದ್ದು ಮೈಲ್ಸ್ ಹಿಪೊಲೈಟ್.

ಆ ರಾತ್ರಿ ಅವನದೇ ಮೆಸೇಜ್ ಮೊದಲು ಬಂತು: "ಗೆದ್ವಲ್ಲ ಮಾಮ." ಗೆದ್ರಲ್ಲ ಅಂತ ಬರೆದಿರಲಿಲ್ಲ.