ಭಾರಜಲದ ಜಿ(ಆರ್): ಟ್ರಾಂಬೆಯ ಕೆಲಸ ಎಲ್ಲಿಗೆ ಬಂತು

ಮುಂಬೈನ ಟ್ರಾಂಬೆಯಲ್ಲಿ ನ್ಯೂಟ್ರಾನು ಚದುರಿಸಿ ಭಾರಜಲದ ಜಿ(ಆರ್) ಅಳೆಯುವ ಕೆಲಸ ಇದು. ಜಿ(ಆರ್) ಅಂದರೆ ಒಂದು ಪರಮಾಣುವಿನಿಂದ ಆರ್ ದೂರದಲ್ಲಿ ಇನ್ನೊಂದು ಸಿಗುವ ಸಂಭವ ತೋರಿಸುವ ರೇಖೆ; ಭಾರಜಲ ಅಂದರೆ ಹೈಡ್ರೋಜನ್ ಬದಲು ಅದರ ಭಾರದ ರೂಪವಾದ ಡ್ಯೂಟೀರಿಯಂ ಇರುವ ನೀರು. ಮೊದಲು ತೆಗೆದುಕೊಂಡ ಸಿಲಿಕಾ ಗಾಜಿನ ಕೆಲಸ ಮುಗಿದಿದೆ. ದ್ರವಕ್ಕೆ ಕೈ ಹಾಕುವ ಮೊದಲು ಗಾಜನ್ನು ಅಳೆದುಕೊಳ್ಳುವುದು ಒಳ್ಳೆಯ ಅಭ್ಯಾಸ. ಜಿ(ಆರ್)ನ ಮೊದಲ ಶಿಖರ 1.61 ಆಂಗ್‌ಸ್ಟ್ರಾಮಿಗೆ ಬಂದು, ಅದರ ವಿಸ್ತೀರ್ಣದಿಂದ ಪ್ರತಿ ಸಿಲಿಕಾನಿನ ಸುತ್ತ 4 ಆಮ್ಲಜನಕ ಸಿಕ್ಕರೆ ಉಪಕರಣವೂ ಸರಿ, ತಿದ್ದುಪಡಿಯ ಲೆಕ್ಕವೂ ಸರಿ. ಗಾಜಿನಲ್ಲೇ 3.7 ಬಂದರೆ ನೀರಿನ ಲೆಕ್ಕವನ್ನು ಯಾರೂ ನಂಬಬೇಕಾಗಿಲ್ಲ.

ಧಾರವಾಡ, ಮಂಗಳೂರು ಕಡೆಯಿಂದ ಟ್ರಾಂಬೆಗೆ ಹೊಸದಾಗಿ ಬರುವವರಿಗಾಗಿ ಯಂತ್ರದ ವಿಷಯ ಚುಟುಕಾಗಿ. ನ್ಯೂಟ್ರಾನು ಬರುವುದು ಧ್ರುವ ರಿಯಾಕ್ಟರಿನಿಂದ: 100 ಮೆಗಾವ್ಯಾಟ್, 1985ರಿಂದ ನಡೆಯುತ್ತಿದೆ. ದ್ರವ ಮತ್ತು ಗಾಜಿಗೆ ಮೀಸಲಾದ ಹೈ-ಕ್ಯೂ ಡಿಫ್ರಾಕ್ಟೋಮೀಟರಿನ (ಯಾವ ಕೋನಕ್ಕೆ ಎಷ್ಟು ನ್ಯೂಟ್ರಾನು ಚದುರಿತು ಎಂದು ಎಣಿಸುವ ಯಂತ್ರ) ತರಂಗಾಂತರ 0.783 ಆಂಗ್‌ಸ್ಟ್ರಾಮ್. ಕ್ಯೂ ಅಂದರೆ 4ಪೈ ಸೈನ್ ಥೀಟಾ ಭಾಗಿಸು ತರಂಗಾಂತರ; ಥೀಟಾ ಚದುರಿದ ಕೋನದ ಅರ್ಧ. ಕ್ಯೂ ಎಷ್ಟು ದೂರ ಹೋದರೆ ಜಿ(ಆರ್) ಅಷ್ಟು ಸ್ಪಷ್ಟ. ಹಾಗಾಗಿ ಡಿಟೆಕ್ಟರು 138 ಡಿಗ್ರಿಯವರೆಗೆ ಹೋದರೆ ಪ್ರತಿ ಆಂಗ್‌ಸ್ಟ್ರಾಮಿಗೆ 15 ಸಿಗುತ್ತದೆ. ಕಾಲೇಜಿನ ತಾಮ್ರದ ಎಕ್ಸ್-ರೇ ಟ್ಯೂಬು ಎಷ್ಟೇ ತಿರುಗಿದರೂ 8 ದಾಟುವುದು ಕಷ್ಟ.

ಸಾದಾ ನೀರು ಬಿಟ್ಟು ಭಾರಜಲವನ್ನೇ ಯಾಕೆ ತೆಗೆದುಕೊಳ್ಳಬೇಕು ಎಂಬುದಕ್ಕೆ ಎರಡು ಅಂಕಿ ಸಾಕು. ಹೈಡ್ರೋಜನ್‌ನ ಇನ್‌ಕೊಹೆರೆಂಟ್ ಅಡ್ಡಕೊಯ್ತ (ಚದುರಿಸುವ ಸಾಮರ್ಥ್ಯದ ಅಳತೆ) 80 ಬಾರ್ನ್, ಡ್ಯೂಟೀರಿಯಂನದು ಬರೀ 2. ರಚನೆಯ ಸುದ್ದಿ ಹೇಳದ ಆ 80 ಬಾರ್ನ್ ಎಲ್ಲಾ ಕೋನದಲ್ಲೂ ಹಿನ್ನೆಲೆಯಾಗಿ ಕೂತುಬಿಡುತ್ತದೆ. ಆದರೆ ಭಾರಜಲದಲ್ಲೂ ಆಮ್ಲಜನಕ ಸರಿಯಾಗಿ ಕಾಣುತ್ತದೆ ಎಂದುಕೊಳ್ಳಬೇಡಿ. ಚದುರಿಕೆಯ ತೂಕ ಹಾಕಿದರೆ ಡಿ-ಡಿ ಜೋಡಿಗೆ (ಡಿ ಅಂದರೆ ಡ್ಯೂಟೀರಿಯಂ, ಓ ಅಂದರೆ ಆಮ್ಲಜನಕ) ಸುಮಾರು 49 ಪ್ರತಿಶತ, ಓ-ಡಿಗೆ 42, ಓ-ಓಗೆ 9. ಓ-ಓ ಬೇಕಿದ್ದವರು ಎಕ್ಸ್-ರೇ ಹತ್ತಿರವೇ ಹೋಗಬೇಕು.

ಈ ಕಂತಿನ ಹೆಚ್ಚಿನ ಶ್ರಮ ಹೋದದ್ದು ಭಾರಜಲವನ್ನು ಡಬ್ಬಿಗೆ ತುಂಬಿಸುವುದಕ್ಕೆ. ಜುಲೈಯಲ್ಲಿ ಮುಂಬೈ ಗಾಳಿಯ ತೇವ 80 ಪ್ರತಿಶತ ದಾಟುವುದು ಮಾಮೂಲು, ಭಾರಜಲವೋ ಆ ತೇವವನ್ನು ಎಳೆದುಕೊಂಡು ತನ್ನ ಡ್ಯೂಟೀರಿಯಂ ಕೊಟ್ಟು ಹೈಡ್ರೋಜನ್ ತೆಗೆದುಕೊಳ್ಳುತ್ತದೆ. 6 ಮಿಲಿಮೀಟರ್ ಒಳವ್ಯಾಸ, 50 ಮಿಲಿಮೀಟರ್ ಎತ್ತರದ ವನೇಡಿಯಂ ಡಬ್ಬಿಯಲ್ಲಿ ಹಿಡಿಯುವುದು 1.4 ಮಿಲಿಲೀಟರ್. ಡ್ರಾಪರಿನ ಒಂದೇ ಹನಿ ಸಾದಾ ನೀರು ಸೇರಿದರೂ ಅದು 3 ಪ್ರತಿಶತ ಮೀರಿತು. 1 ಪ್ರತಿಶತ ಹೈಡ್ರೋಜನ್ ಸೇರಿದರೆ ಒಟ್ಟು ಚದುರಿಕೆ ಸುಮಾರು 8 ಪ್ರತಿಶತ ಏರುತ್ತದೆ. ಅದೇ ಹೊತ್ತಿಗೆ ಹೈಡ್ರೋಜನ್‌ನ ಚದುರಿಕೆ ಉದ್ದ (ಶಿಖರಕ್ಕೆ ಆ ಪರಮಾಣು ಕೊಡುವ ತೂಕ) ಋಣಾತ್ಮಕ (-3.74 ಫೆಮ್ಟೋಮೀಟರ್, ಡ್ಯೂಟೀರಿಯಂನದು +6.67) ಆಗಿರುವುದರಿಂದ ಓ-ಡಿ ಶಿಖರ ತಗ್ಗುತ್ತದೆ. ಹಿನ್ನೆಲೆ ಮೇಲೆ, ಶಿಖರ ಕೆಳಗೆ: ಎರಡೂ ಕಡೆಯಿಂದ ಪೆಟ್ಟು.

ಅತಿ ಹೆಚ್ಚು ತೇವ ನುಗ್ಗುವುದು ಫ್ರಿಜ್ಜಿನಿಂದ ತೆಗೆದ ಸೀಸೆಯನ್ನು ಹಾಗೇ ತೆರೆದಾಗ. ತಣ್ಣನೆಯ ಕತ್ತಿನ ಮೇಲೆ ಕ್ಷಣದಲ್ಲಿ ಇಬ್ಬನಿ ಕಟ್ಟುತ್ತದೆ, ಮುಚ್ಚಳ ತಿರುಗಿಸಿದ ಕೂಡಲೇ ಒಳಗೆ ಇಳಿಯುತ್ತದೆ. ಅಲ್ಲದೆ ಭಾರಜಲ 3.8 ಡಿಗ್ರಿಗೇ ಹೆಪ್ಪುಗಟ್ಟಿ ಹಿಗ್ಗುತ್ತದೆ, ಫ್ರಿಜ್ಜಿನ ಹಿಂಬದಿಯಲ್ಲಿಟ್ಟ ಗಾಜಿನ ಆಂಪೂಲು ಬಿರುಕು ಬಿಡಬಹುದು. ಕೋಣೆಯ ಉಷ್ಣತೆಯಲ್ಲಿ, ಸಿಲಿಕಾ ಜೆಲ್ ಹಾಕಿದ ಡೆಸಿಕೇಟರಿನಲ್ಲಿ ಇಡುವುದೇ ಸರಿ.

ಡಬ್ಬಿಯನ್ನು 120 ಡಿಗ್ರಿಯ ಒಲೆಯಲ್ಲಿ ರಾತ್ರಿಯಿಡೀ ಒಣಗಿಸಿ, ಗ್ಲೌ ಬ್ಯಾಗಿನಲ್ಲಿ ಒಣ ನೈಟ್ರೋಜನ್ ಹರಿಸುತ್ತಾ ತಣಿಸಬೇಕು. ಸಿರಿಂಜನ್ನು ಮೊದಲು ಸ್ವಲ್ಪ ಭಾರಜಲದಿಂದ ತೊಳೆದು ಆ ನೀರು ಚೆಲ್ಲಬೇಕು. ಗಾಜಿನ ಗೋಡೆಗೆ ಅಂಟಿಕೊಂಡ ತೇವವೂ ಲೆಕ್ಕಕ್ಕೆ ಬರುತ್ತದೆ. ತುದಿಯನ್ನು ತಳಕ್ಕೆ ಮುಟ್ಟಿಸಿ ನಿಧಾನವಾಗಿ ತುಂಬಿಸಿದರೆ ಗುಳ್ಳೆ ಉಳಿಯುವುದಿಲ್ಲ. ಇಂಡಿಯಂ ತಂತಿಯ ಸೀಲನ್ನು ಎದುರುಬದುರು ಸ್ಕ್ರೂ ಸ್ವಲ್ಪ ಸ್ವಲ್ಪ ಬಿಗಿದು ಕೂರಿಸಬೇಕು. ಸೀಲು ಕೂರುವ ಅಂಚಿಗೆ, ಅಂದರೆ ಫ್ಲೇಂಜಿಗೆ, ನ್ಯೂಟ್ರಾನು ಹೀರುವ ಕ್ಯಾಡ್ಮಿಯಂ ಹಾಳೆ ಸುತ್ತದಿದ್ದರೆ ಫ್ಲೇಂಜಿನ ಲೋಹದ ಚೂಪಾದ ಬ್ರ್ಯಾಗ್ ಶಿಖರಗಳು ದ್ರವದ ರೇಖೆಯ ಮೇಲೆ ಕೂರುತ್ತವೆ. ತುಂಬುವ ಮೊದಲು, ಅಳತೆ ಮುಗಿದ ಮೇಲೆ, ಎರಡೂ ಸಲ ಒಂದು ಹನಿಯನ್ನು ಇನ್‌ಫ್ರಾರೆಡ್‌ನಲ್ಲಿ ನೋಡಬೇಕು. 3400 ತರಂಗಸಂಖ್ಯೆಯ ಬಳಿ ಓ-ಎಚ್ ಪಟ್ಟಿ ಬೆಳೆದಿದ್ದರೆ ಸೀಲು ಸೋರಿದೆ ಎಂದರ್ಥ.

ಅಳತೆಯ ಪಟ್ಟಿ ಹೀಗಿದೆ: ದ್ರವ ತುಂಬಿದ ಡಬ್ಬಿ, ಅದೇ ಖಾಲಿ ಡಬ್ಬಿ, ಡಬ್ಬಿಯಿಲ್ಲದ ಹಿನ್ನೆಲೆ, ಅದೇ ಗಾತ್ರದ ಕ್ಯಾಡ್ಮಿಯಂ ಕಡ್ಡಿ, ವನೇಡಿಯಂ ಕಡ್ಡಿ. ಕ್ಯಾಡ್ಮಿಯಂ ಬಿಟ್ಟುಬಿಡುವ ಆಸೆ ಎಲ್ಲರಿಗೂ ಬರುತ್ತದೆ, ಬಿಡಬಾರದು. ಸ್ಯಾಂಪಲ್ ತಾನೇ ಹಿನ್ನೆಲೆಯ ಒಂದಷ್ಟು ಭಾಗಕ್ಕೆ ಅಡ್ಡ ನಿಲ್ಲುತ್ತದೆ, ಎಷ್ಟು ಎಂದು ಹೇಳುವುದು ಆ ಕಡ್ಡಿಯೇ. 6 ಮಿಲಿಮೀಟರ್ ಭಾರಜಲ ಬೀಮಿನ ಕಾಲು ಭಾಗವನ್ನು ಚದುರಿಸುತ್ತದೆ, ಬಹುಚದುರಿಕೆ (ಒಂದೇ ನ್ಯೂಟ್ರಾನು ಒಂದಕ್ಕಿಂತ ಹೆಚ್ಚು ಸಲ ಚದುರುವುದು) ಲೆಕ್ಕಕ್ಕೆ ಇದು ಸ್ವಲ್ಪ ಜಾಸ್ತಿಯೇ. 4 ಮಿಲಿಮೀಟರಾದರೆ 20 ಪ್ರತಿಶತದೊಳಗೆ ಬರುತ್ತದೆ, ಎಣಿಕೆಗೆ ಸಮಯ ಹೆಚ್ಚು ಹಿಡಿಯುತ್ತದೆ. ನಮ್ಮ ಮತ 4ರ ಕಡೆಗೇ.

ಈಗ ಕೂತಿರುವುದು ಇನ್‌ಇಲಾಸ್ಟಿಸಿಟಿ ತಿದ್ದುಪಡಿಯ ಮುಂದೆ, ಅಂದರೆ ಡಿಕ್ಕಿಯಲ್ಲಿ ನ್ಯೂಟ್ರಾನಿನ ಶಕ್ತಿ ಬದಲಾಗುವುದರ ಲೆಕ್ಕದ ಮುಂದೆ. 0.783 ಆಂಗ್‌ಸ್ಟ್ರಾಮಿನ ನ್ಯೂಟ್ರಾನಿನ ಶಕ್ತಿ 133 ಮಿಲಿ ಎಲೆಕ್ಟ್ರಾನ್‌ವೋಲ್ಟ್. ಡ್ಯೂಟೀರಿಯಂ ಹಗುರ, ಡಿಕ್ಕಿಯಲ್ಲಿ ಹಿಂದೆ ಸರಿಯುತ್ತದೆ. ಕ್ಯೂ ಏರಿದಂತೆ ಇಡೀ ರೇಖೆ ಕೆಳಗೆ ಜಾರುತ್ತದೆ. ರೂಢಿಯಲ್ಲಿ ಕ್ಯೂ ವರ್ಗ ಮತ್ತು ಕ್ಯೂ ನಾಲ್ಕನೇ ಘಾತದ ಬಹುಪದಿಯನ್ನು ಹೊಂದಿಸಿ ಕಳೆಯುತ್ತಾರೆ. ಅಲ್ಲಿಗೇ ನಿಲ್ಲಿಸಬೇಕು. 0.98 ಆಂಗ್‌ಸ್ಟ್ರಾಮಿನ ಓ-ಡಿ ಬಂಧ ಕ್ಯೂನಲ್ಲಿ 6.4ಕ್ಕೆ ಒಂದು ಅಲೆ ಎಬ್ಬಿಸುತ್ತದೆ, 15ರೊಳಗೆ ಎರಡೂ ಚಿಲ್ಲರೆ ಅಲೆಯಷ್ಟೇ. ಆರು, ಎಂಟನೇ ಘಾತಕ್ಕೆ ಹೋದರೆ ಬಹುಪದಿ ಆ ಅಲೆಯನ್ನೇ ನುಂಗುತ್ತದೆ. ಚಿತ್ರ ಬಹಳ ನಯವಾಗಿ ಕಾಣುತ್ತದೆ, ಬಂಧ ಮಾಯವಾಗಿರುತ್ತದೆ!

ಇದಕ್ಕಿಂತ ಗುಟ್ಟಾದ ತೊಡಕು 15ರಲ್ಲಿ ಡೇಟಾ ತುಂಡಾಗುವುದರಿಂದ ಹುಟ್ಟುವ ಸುಳ್ಳು ಅಲೆಗಳದ್ದು. ಚೂಪಾದ ಶಿಖರದ ಬಲಕ್ಕೆ ಮೊದಲ ಸುಳ್ಳು ಉಬ್ಬು 0.51 ಆಂಗ್‌ಸ್ಟ್ರಾಮ್ ದೂರದಲ್ಲಿ ಬರುತ್ತದೆ. 0.98ಕ್ಕೆ ಕೂಡಿಸಿ ನೋಡಿ: 1.49. ಅಣುವಿನೊಳಗಿನ ಡಿ-ಡಿ ದೂರ 1.55! ಎರಡನೇ ಉಬ್ಬು 1.92ರಲ್ಲಿ, ಹೈಡ್ರೋಜನ್ ಬಂಧದ 1.8ರ ಪಕ್ಕದಲ್ಲೇ. ಲಾರ್ಚ್ ಫಂಕ್ಷನ್ (ತುಂಡಾಗುವ ತುದಿಯ ಕಡೆಗೆ ಡೇಟಾವನ್ನು ಮೆಲ್ಲಗೆ ತಗ್ಗಿಸುವ ಗುಣಕ) ಹಾಕಿದರೆ ಅಲೆ ಅಡಗುತ್ತದೆ ನಿಜ, ಆದರೆ ಶಿಖರದ ಅಗಲ 0.25ರಿಂದ 0.36ಕ್ಕೆ ಏರಿ 1.55, 1.8 ಎರಡೂ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅದಕ್ಕೇ ಅಣುವಿನ ಭಾಗವನ್ನು ಕ್ಯೂನಲ್ಲೇ ಹೊಂದಿಸುವುದು ಮೇಲು. ಓ-ಡಿ, ಡಿ-ಡಿ ದೂರ ಮತ್ತು ಕಂಪನದ ಅಗಲ ಇಟ್ಟುಕೊಂಡು ಹೆಚ್ಚಿನ ಕ್ಯೂ ಭಾಗಕ್ಕೆ ಹೊಂದಿಸಿ, ಅದನ್ನು ಕಳೆದು, ಉಳಿದದ್ದನ್ನಷ್ಟೇ ಫೂರಿಯೇ ಪರಿವರ್ತನೆಯಿಂದ ಕ್ಯೂನಿಂದ ದೂರಕ್ಕೆ ತರಬೇಕು. ಅಣುಗಳ ನಡುವಿನ ಜೋಡಣೆ ಮೆದುವಾದದ್ದು, ಅದು 15ಕ್ಕಿಂತ ಮೊದಲೇ ಸತ್ತಿರುತ್ತದೆ.

ಫಲಿತಾಂಶ ಬಂದ ಮೇಲೆ ಮೊದಲು ಕಣ್ಣು ಹೋಗಬೇಕಾದದ್ದು 0.8 ಆಂಗ್‌ಸ್ಟ್ರಾಮಿಗಿಂತ ಕೆಳಗೆ. ಅಲ್ಲಿ ಪರಮಾಣು ಇರುವಂತಿಲ್ಲ. 25 ಡಿಗ್ರಿಯಲ್ಲಿ ಸಾಂದ್ರತೆ ಪ್ರತಿ ಘನ ಆಂಗ್‌ಸ್ಟ್ರಾಮಿಗೆ 0.0996 ಪರಮಾಣು, ಆದ್ದರಿಂದ ಡಿ(ಆರ್) ರೇಖೆ (ಜಿ(ಆರ್)ನಿಂದ 1 ಕಳೆದು, 4ಪೈ, ಆರ್ ಮತ್ತು ಸಾಂದ್ರತೆಯಿಂದ ಗುಣಿಸಿದ್ದು) ಆ ಭಾಗದಲ್ಲಿ -1.25 ಇಳಿಜಾರಿನಲ್ಲಿ ಹೋಗಬೇಕು. ಇಳಿಜಾರು ಬೇರೆ ಬಂದರೆ ನಾರ್ಮಲೈಸೇಷನ್ (ಎಣಿಕೆಯನ್ನು ನಿಜ ಅಳತೆಗೆ ತರುವ ಲೆಕ್ಕ) ತಪ್ಪಿದೆ. ಓ-ಡಿ ಎಣಿಕೆ 2ರ ಬದಲು 1.97 ಬಂದರೆ ಇನ್‌ಫ್ರಾರೆಡ್‌ ಕಾಗದ ತೆಗೆದು ನೋಡುವುದು, 1 ಪ್ರತಿಶತ ಹೈಡ್ರೋಜನ್ ಅಷ್ಟೇ ಇಳಿಸುತ್ತದೆ.

ಮುಂದಿನದು ಪೂರ್ತಿ ಡ್ಯೂಟೀರಿಯಂ ಹಾಕಿದ ಮೆಥನಾಲ್. ಅದರಲ್ಲಿ ಗಾಳಿಯ ತೇವದೊಂದಿಗೆ ಅದಲುಬದಲಾಗುವುದು ಓ-ಡಿ ಮಾತ್ರ, ಸಿ-ಡಿ ಅಲುಗುವುದಿಲ್ಲ. ಆದರೆ 1.09ರ ಸಿ-ಡಿ ಮತ್ತು 0.98ರ ಓ-ಡಿ ಈ ಯಂತ್ರದಲ್ಲಿ ಬೇರೆಯಾಗಿ ಕಾಣುವುದಿಲ್ಲ, ಹೊಂದಿಸುವಾಗ ಓ-ಡಿಯನ್ನು ಭಾರಜಲದಿಂದ ಸಿಕ್ಕ ಬೆಲೆಗೆ ಕಟ್ಟಿಹಾಕುತ್ತೇವೆ. ಮೆಥನಾಲಿಗೆ 4 ಮಿಲಿಮೀಟರಿನ ಡಬ್ಬಿಗೆ ವನೇಡಿಯಂ ಕೊಳವೆ ಬೇಕು, ಖಾಲಿ ಡಬ್ಬಿಯ ಅಳತೆಗೂ ಅದೇ ಡಬ್ಬಿ.