ಕಂದು ಸೆಂಟ್, ಐದನೇ ವಾರ: ತಪ್ಪು ಪ್ರಶ್ನೆಗೆ ಸರಿಯಾದ ಉತ್ತರ

ನನ್ನ ಕಂದು ಬಣ್ಣದ ಸೆಂಟ್ ನಾಣ್ಯ ಅಸಲಿಯೋ ನಕಲಿಯೋ ಅನ್ನೋದಕ್ಕೆ ಉತ್ತರ ಸಿಕ್ಕಿತು. ಇಷ್ಟವಾಗಲಿಲ್ಲ, ಅದು ಬೇರೆ ಮಾತು.

ಹಿಂದಿನ ಕಂತು ಓದದವರಿಗೆ: ಇಲ್ಲೇ ನ್ಯೂಜೆರ್ಸಿಯಲ್ಲಿ ಒಂದು ಮನೆ ಖಾಲಿ ಮಾಡುವಾಗಿನ ಮಾರಾಟದಲ್ಲಿ ಹಳೇ ಬಿಸ್ಕತ್ ಡಬ್ಬಿ ಕೊಂಡಿದ್ದೆ. ಒಳಗೆ 1943ರ ಉಕ್ಕಿನ ಸೆಂಟ್ ಸರಿಯಾಗಿ ನೂರು, ಜೊತೆಗೆ ಒಂದು ಕಂದು ಬಣ್ಣದ್ದು. ಅದರ ಮೇಲೂ 1943. ಕೆಳಗೆ ಟಂಕಸಾಲೆಯ ಅಕ್ಷರ ಇಲ್ಲ, ಅಂದರೆ ಫಿಲಡೆಲ್ಫಿಯಾ. ಮಾರಿದವನು "ಅಟ್ಟದಲ್ಲಿತ್ತು, ನನಗೇನೂ ಗೊತ್ತಿಲ್ಲ" ಅಂದ. ಏನೂ ಗೊತ್ತಿಲ್ಲದವನು ಆ ಒಂದನ್ನೇ ಬೇರೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಟ್ಟಿದ್ದ. ಅದೂ ಪಿವಿಸಿ ಚೀಲ, ನಾಣ್ಯಕ್ಕೆ ವಿಷ. ಆಗಲೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ.

ಯಾಕೆ ಬರಲಿಲ್ಲ ಅಂತ ನಿಮಗೆ ಗೊತ್ತು. ಯುದ್ಧಕ್ಕೆ ತಾಮ್ರ ಬೇಕು ಅಂತ ಆ ವರ್ಷ ಅಮೆರಿಕದ ಮೂರು ಟಂಕಸಾಲೆಗಳು 109 ಕೋಟಿಗೂ ಜಾಸ್ತಿ ಸೆಂಟ್‌ಗಳನ್ನು ಸತು ಲೇಪಿಸಿದ ಉಕ್ಕಿನಲ್ಲಿ ಅಚ್ಚು ಹಾಕಿದವು. 1942ರ ಕೆಲವು ಕಂಚಿನ ಬಿಲ್ಲೆಗಳು (ಇನ್ನೂ ಅಚ್ಚಾಗದ ನಾಣ್ಯಗಳು) ಅವನ್ನು ಸಾಗಿಸುವ ತೊಟ್ಟಿಯ ಸಂದಿಯಲ್ಲಿ ಸಿಕ್ಕಿಕೊಂಡಿದ್ದು, ಆಮೇಲೆ ಸಡಿಲವಾಗಿ ಉಕ್ಕಿನ ಬಿಲ್ಲೆಗಳ ಜೊತೆ ಅಚ್ಚಿಗೆ ಹೋದವು ಅನ್ನುತ್ತಾರೆ. 1947ರಲ್ಲಿ ಮ್ಯಾಸಚೂಸೆಟ್ಸ್‌ನ ಪಿಟ್ಸ್‌ಫೀಲ್ಡ್‌ನಲ್ಲಿ 16 ವರ್ಷದ ಹುಡುಗನೊಬ್ಬನಿಗೆ ಶಾಲೆಯ ಕ್ಯಾಂಟೀನಿನ ಚಿಲ್ಲರೆಯಲ್ಲಿ ಅಂಥ ಒಂದು ಕಂಚಿನ ಸೆಂಟ್ ಸಿಕ್ಕಿತು. ಖಜಾನೆ ಇಲಾಖೆಯನ್ನು ಕೇಳಿದರೆ, 1943ರವೆಲ್ಲ ಉಕ್ಕಿನವೇ ಅಂದರು. ಅವನು ಬಿಸಾಡಲಿಲ್ಲ, ಜೀವನಪೂರ್ತಿ ಇಟ್ಟುಕೊಂಡ. 2019ರಲ್ಲಿ ಅದು ಹರಾಜಿನಲ್ಲಿ 2,04,000 ಡಾಲರ್‌ಗೆ ಹೋಯಿತು. ಡೆನ್ವರ್ ಟಂಕಸಾಲೆಯ ಇಂಥ ಒಂದೇ ಒಂದು ನಾಣ್ಯ 2010ರಲ್ಲಿ 17 ಲಕ್ಷ ಡಾಲರ್ ಮುಟ್ಟಿತು. ಇಂಥ ಅಂಕಿ ತಲೆಯಲ್ಲಿದ್ದರೆ ಕಣ್ಣು ಮಂಜಾಗುತ್ತೆ. ನನ್ನ ತಪ್ಪೇನಿಲ್ಲ.

ಮ್ಯಾಗ್ನೆಟ್: ಅಂಟಲಿಲ್ಲ. ಹಾಗಾಗಿ ಉಕ್ಕಿಗೆ ತಾಮ್ರದ ಲೇಪ ಕೊಟ್ಟ ಮಾಮೂಲಿ ಮೋಸ ಅಲ್ಲ. ತೂಕ: 3.07 ಗ್ರಾಂ. ಕಂಚಿನದು 3.11 ಇರಬೇಕು, ಸವೆತ ಕಳೆದರೆ ಸರಿಹೋಗುತ್ತೆ. ಉಕ್ಕಿನದಾಗಿದ್ದರೆ 2.7ರ ಆಸುಪಾಸು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಇಲ್ಲಿಂದ ನನ್ನ ಮೂರು ವಾರದ ಹುಚ್ಚು ಶುರು. ಸಾಂದ್ರತೆ ಅಳೆಯೋಣ ಅಂತ ಹೊರಟೆ. ತಕ್ಕಡಿ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡೋದು. ಹೊಲಿಗೆ ದಾರದಲ್ಲಿ ನಾಣ್ಯ ಕಟ್ಟಿ, ತಳ ಮುಟ್ಟದ ಹಾಗೆ ನೀರಲ್ಲಿ ಇಳಿಬಿಡೋದು. ತಕ್ಕಡಿ ಎಷ್ಟು ತೋರಿಸುತ್ತೋ ಅದು ನಾಣ್ಯ ಪಕ್ಕಕ್ಕೆ ತಳ್ಳಿದ ನೀರಿನ ತೂಕ. ನಾಣ್ಯದ ತೂಕವನ್ನು ಅದರಿಂದ ಭಾಗಿಸಿದರೆ ಮುಗೀತು. ಬಾಯಲ್ಲಿ ಹೇಳೋಕೆ ಸುಲಭ.

ಮೊದಲ ದಿನದ ಅಳತೆ: 0.33, 0.36, 0.35, 0.37. ಇದೇ ನಾಣ್ಯ, ಇದೇ ಲೋಟ! 0.33 ಅಂದರೆ ಸಾಂದ್ರತೆ 9.3, 0.37 ಅಂದರೆ 8.3. ಕಂಚಿಗೆ ಸುಮಾರು 8.85 ಬರಬೇಕು. ನನ್ನ ತಕ್ಕಡಿ 0.01 ಗ್ರಾಂವರೆಗೆ ಮಾತ್ರ ತೋರಿಸೋದು, ಇಷ್ಟು ಚಿಕ್ಕ ನಾಣ್ಯಕ್ಕೆ ಅದು ಯಾತಕ್ಕೂ ಸಾಲದು. ಮೇಲೆ ಗುಳ್ಳೆ ಕಾಟ. ನಾಣ್ಯದ ಮೇಲಿನ ಲಿಂಕನ್ ಗಡ್ಡಕ್ಕೆ ಒಂದು ಗುಳ್ಳೆ ಅಂಟಿದರೂ ಲೆಕ್ಕ ಹಾಳು. ಪಾತ್ರೆ ತೊಳೆಯೋ ಸೋಪು ಒಂದು ಹನಿ ಹಾಕಿದ ಮೇಲೆ ಗುಳ್ಳೆ ಹೋದವು. ಐಸ್‌ಕ್ರೀಂ ಕಡ್ಡಿಯಲ್ಲಿ ಒಂದು ಕಮಾನು ಮಾಡಿ ದಾರ ಅದಕ್ಕೆ ನೇತು ಹಾಕಿದೆ, ಕೈ ನಡುಕವೂ ಹೋಯಿತು.

ಆಮೇಲೆ 0.001 ಗ್ರಾಂ ತೋರಿಸೋ ತಕ್ಕಡಿ ತರಿಸಿದೆ. ಮೊದಲನೆಯದು ಸರಿಹೊಂದಿಸುವ ತೂಕದ ಬಟ್ಟು ಇಲ್ಲದೆ ಬಂತು. ಬಟ್ಟಿಲ್ಲದ ತಕ್ಕಡಿ, ಎಣ್ಣೆಯಿಲ್ಲದ ದೀಪ. ವಾಪಸ್ ಕಳಿಸಿದೆ, ಅದರ ಖರ್ಚೂ ನನ್ನದೇ ಅಂತೆ. ಎರಡನೆಯದು ಬಟ್ಟಿನ ಜೊತೆ ಬಂತು, ಆದರೆ ಏಸಿ ಗಾಳಿ ಬೀಸಿದರೂ ಅಂಕಿ ಕುಣಿಯುತ್ತಿತ್ತು. ಜುಲೈನಲ್ಲಿ ಏಸಿ ಆರಿಸಿ, ಕಿಟಕಿ ಮುಚ್ಚಿ, ಬೆವರು ಒರೆಸಿಕೊಂಡು ಕೂತೆ. ಹೆಂಡತಿ ಬಾಗಿಲಲ್ಲೇ ನಿಂತು ನೋಡಿ ಹೋದಳು. ಏನೂ ಅನ್ನಲಿಲ್ಲ. ಅದೇ ಜಾಸ್ತಿ ನೋವು.

ಗಾಳಿಯಲ್ಲಿ 3.072. ನೀರಲ್ಲಿ 0.347. ಭಾಗಿಸಿದರೆ 8.85.

ಕೂಗಿಬಿಟ್ಟೆ.

ಹಾಸನದಿಂದ ಬಂದಿರುವ ಮಾವ ಕೂಗು ಕೇಳಿ ಗ್ಯಾರೇಜಿಗೆ ಇಳಿದು ಬಂದರು. ನಲವತ್ತು ವರ್ಷ ಅಕ್ಕಸಾಲಿ ಕೆಲಸ ಮಾಡಿದವರು. ಇಷ್ಟು ದಿನ ನನ್ನ ಲೋಟ ದಾರ ಎಲ್ಲ ನೋಡಿ ಸುಮ್ನೆ ನಗುತ್ತಿದ್ದರು. ಕಂಚು ಅಂತ ಖಾತ್ರಿ ಆಯಿತು ಮಾವ, ಅಂದೆ. ನಾಣ್ಯವನ್ನು ಚಿಮುಟದಲ್ಲಿ ಎತ್ತಿ, ಕಿಟಕಿ ಬೆಳಕಿಗೆ ಹಿಡಿದು ನಿಧಾನಕ್ಕೆ ಓರೆ ಮಾಡಿದರು.

"ಕಂಚು ಅನ್ನೋದು ನೋಡಿದರೇ ಗೊತ್ತಾಗುತ್ತಲ್ಲ ಅಳಿಯಂದಿರೇ. ನಿಮ್ಮ ಬೇರೆ ವರ್ಷದ ಸೆಂಟ್‌ಗಳು ಯಾತರವು?"

ಅವೂ ಕಂಚು, ತಾಮ್ರವೇ, ಅಂದೆ. ಹೇಳುತ್ತಿದ್ದ ಹಾಗೇ ಬಾಯಿ ಒಣಗಿತು.

ಅಲ್ವಾ? 1943 ಒಂದನ್ನು ಬಿಟ್ಟರೆ, 1982ರವರೆಗೆ ಲಿಂಕನ್ ಸೆಂಟ್‌ನಲ್ಲಿ ನೂರಕ್ಕೆ 95 ಭಾಗ ತಾಮ್ರವೇ. ಅಂಥ ಯಾವ ಸೆಂಟನ್ನು ನೀರಲ್ಲಿ ಇಳಿಬಿಟ್ಟಿದ್ದರೂ ಇದೇ 8.85 ಬರುತ್ತಿತ್ತು. ನಾನು ಮೂರು ವಾರ ಲೋಹವನ್ನು ವಿಚಾರಣೆ ಮಾಡಿದ್ದೆ. ಕಳ್ಳತನ ನಡೆದಿದ್ದರೆ ಅದು ತಾರೀಖಿನಲ್ಲಿ. ಈ ಹವ್ಯಾಸಕ್ಕೆ ಬಂದ ಮೊದಲ ವಾರವೇ ಎಲ್ಲರೂ ಕಲಿಯುವ ಪಾಠ: 1948ರ ಎಂಟನ್ನು ಅರ್ಧ ಕೆತ್ತಿದರೆ ಮೂರು. ಅದನ್ನು ಬೇರೆಯವರಿಗೆ ನಾನೇ ಎಷ್ಟು ಸಲ ಹೇಳಿಕೊಟ್ಟಿದ್ದೀನಿ!

ಮರೆತಿದ್ದಕ್ಕೆ ಒಂದು ನೆಪವೂ ಇತ್ತು. ಆ 3ರ ಮೇಲೆ ಕಪ್ಪಗೆ ಕೊಳೆ ಕೂತಿತ್ತು. ಬಾಲ ಎಲ್ಲಿಗೆ ಮುಗಿಯುತ್ತೆ ಅಂತ ಕಾಣುತ್ತಿರಲಿಲ್ಲ. ತೊಳೆದರೆ ಬೆಲೆ ಹೋಗುತ್ತೆ ಅಂತ ನಾನು ಮುಟ್ಟಿರಲಿಲ್ಲ. ಮಾವ ಕೇಳಿದ್ದು ಅದನ್ನೇ: "ಮೈಯೆಲ್ಲ ಸವೆದಿದೆ. ಕೊಳೆ ಮಾತ್ರ ಒಂದೇ ಕಡೆ ಯಾಕೆ ಕೂತಿದೆ? ಕಿಲುಬಾದರೆ ಹಸಿರಿಗೆ ತಿರುಗುತ್ತೆ. ಇದನ್ನ ಯಾರೋ ಹಚ್ಚಿದ್ದಾರೆ."

ಅಸಿಟೋನ್ ಲೋಹಕ್ಕೆ ಏನೂ ಮಾಡಲ್ಲ, ಅಂಟು ಬಣ್ಣ ಇದ್ದರೆ ಮಾತ್ರ ಬಿಡಿಸುತ್ತೆ. ಉಗುರಿನ ಬಣ್ಣ ತೆಗೆಯೋದಲ್ಲ, ಹಾರ್ಡ್‌ವೇರ್ ಅಂಗಡಿಯ ಶುದ್ಧ ಅಸಿಟೋನ್. ಗಾಜಿನ ಬಟ್ಟಲಲ್ಲಿ ಹಾಕಿ, ಮುಚ್ಚಿ, ಅರ್ಧ ಗಂಟೆ ಬಿಟ್ಟೆ. ಉಜ್ಜಲಿಲ್ಲ. ಮುಚ್ಚಳ ತೆಗೆದಾಗ ಬಟ್ಟಲಲ್ಲಿ ಹಾಲಿಲ್ಲದ ಚಹಾದಂಥ ನೀರು. ಕೊಳೆ ಅಲ್ಲ, ಬಣ್ಣವೇ.

ಯುಎಸ್‌ಬಿ ಮೈಕ್ರೋಸ್ಕೋಪಿನ ಕೆಳಗಿಟ್ಟು, ಅದರ ಲೈಟು ಆರಿಸಿ, ಟಾರ್ಚನ್ನು ಮೇಜಿಗೆ ಮಲಗಿಸಿ ಪಕ್ಕದಿಂದ ಬೆಳಕು ಬಿಟ್ಟೆ. 3ರ ಎಡಕ್ಕೆ ಮೈ ಬೇರೆ ಬಣ್ಣ. ಒಂದರ ಪಕ್ಕ ಒಂದು, ಒಂದೇ ದಿಕ್ಕಿನ ಸಣ್ಣ ಗೀರುಗಳು, ನೇಗಿಲ ಸಾಲಿನ ಹಾಗೆ. ಅವುಗಳ ನಡುವೆ ಎಂಟರ ಎಡ ಹೊಟ್ಟೆಗಳಿದ್ದ ಜಾಗದಲ್ಲಿ ತೆಳ್ಳಗೆ ಎರಡು ಬಿಲ್ಲು ಗುರುತು. ಕೆತ್ತಿದವನು ಪೂರ್ತಿ ಅಳಿಸೋಕೆ ಹೋಗಿ, ಆಳ ಆಗುತ್ತೆ ಅಂತ ಹೆದರಿ ನಿಲ್ಲಿಸಿದ್ದಾನೆ. ಮಾವ ಪರದೆ ನೋಡಿ "ಉಳಿ ಮೊಂಡು" ಅಂದರು. ಅಷ್ಟೇ.

ಇನ್ನು ಬಾಲ. ಅಸಲಿ 1943ರಲ್ಲಿ 3ರ ಬಾಲ ಉದ್ದ. ಪಕ್ಕದ 4ಕ್ಕಿಂತ ಕೆಳಗಿಳಿದು ಎಡಕ್ಕೆ ಚಾಚಿರುತ್ತೆ. ನನ್ನದರಲ್ಲಿ ಮೊಟಕು, 4ರ ಮಟ್ಟಕ್ಕೇ ಮುಗಿಯುತ್ತೆ. ಇದನ್ನು ನೋಡೋಕೆ ಮೈಕ್ರೋಸ್ಕೋಪೂ ಬೇಡ, ಸೋಪಿನ ನೀರೂ ಬೇಡ. ಹೋಲಿಸೋಕೆ ಒಂದು ಉಕ್ಕಿನ ಸೆಂಟ್ ಸಾಕು. ಅದೇ ಡಬ್ಬಿಯಲ್ಲಿ ನೂರು ಇದ್ದವು. ಮೂರು ವಾರ ಅವು ನನ್ನ ಮೊಣಕೈ ಹತ್ತಿರವೇ ಇದ್ದವು.

ಇನ್ನೊಂದು ಸುಳಿವನ್ನೂ ನಾನು ಸವೆತದ ಲೆಕ್ಕಕ್ಕೆ ಹಾಕಿದ್ದೆ. ಉಕ್ಕು ಗಟ್ಟಿ ಅಂತ 1943ರಲ್ಲಿ ಯಂತ್ರದ ಒತ್ತಡ ಜಾಸ್ತಿ ಇಟ್ಟಿದ್ದರು. ಆ ಒತ್ತಡಕ್ಕೆ ಸಿಕ್ಕಿದ ಮೆತ್ತನೆ ಕಂಚಿನ ಬಿಲ್ಲೆ ಅಚ್ಚಿನ ಮೂಲೆ ಮೂಲೆಗೂ ತುಂಬಿಕೊಳ್ಳುತ್ತೆ. ಅದಕ್ಕೇ ಅಸಲಿಯಲ್ಲಿ ಅಂಚು ಮತ್ತು ಅಂಚಿಗೆ ಹತ್ತಿರದ ಅಕ್ಷರಗಳು ಖಡಕ್ಕಾಗಿರುತ್ತವೆ. ನನ್ನದರ ಅಂಚು ತಿಂದು ಬಿಟ್ಟ ರೊಟ್ಟಿ.

ನೂರರ ಬಗ್ಗೆ ಹೇಳಿದ ಮೇಲೆ ಇದೂ ಇರಲಿ. ಅದರಲ್ಲಿ 14 ಮತ್ತೆ ಲೇಪ ಮಾಡಿಸಿದವು. ಸತು ಲೇಪಿಸಿದ ತಗಡಿನಿಂದಲೇ ಬಿಲ್ಲೆ ಕತ್ತರಿಸುತ್ತಿದ್ದರು, ಹಾಗಾಗಿ ಅಸಲಿ ಉಕ್ಕಿನ ಸೆಂಟ್‌ನ ಪಕ್ಕದ ಮೈ ಬೋಳು, ತುಕ್ಕು ಅಲ್ಲಿಂದಲೇ ಶುರು. ಈ 14ರಲ್ಲಿ ಪಕ್ಕವೂ ಫಳಫಳ. ಎಪ್ಪತ್ತು ವರ್ಷ ದಾಟಿದ ಮೇಲೆ ಮದುಮಗಳ ಅಲಂಕಾರ. ಬೆಲೆ ಇಲ್ಲ, ನೋಡೋಕೆ ಚೆನ್ನ. ಮಗಳಿಗೆ ಕೊಟ್ಟೆ.

ಮುಂದಿನ ಕೆಲಸ 1944ರ ಉಕ್ಕಿನ ಸೆಂಟ್. ಇದೇ ತಪ್ಪಿನ ಉಲ್ಟಾ: ತಾಮ್ರ ವಾಪಸ್ ಬಂದ ವರ್ಷ ಉಕ್ಕಿನ ಬಿಲ್ಲೆ ಒಳಗೆ ನುಸುಳಿದ್ದು. ಇಲ್ಲಿ ಮಜಾ ಏನಂದರೆ, ಆ ವರ್ಷ ಫಿಲಡೆಲ್ಫಿಯಾದಲ್ಲೇ ಬೆಲ್ಜಿಯಂಗೆ 2 ಫ್ರಾಂಕ್ ನಾಣ್ಯ ಎರಡೂವರೆ ಕೋಟಿ ಅಚ್ಚು ಹಾಕಿದರು, ಉಳಿದಿದ್ದ ಇದೇ ಸೆಂಟ್ ಬಿಲ್ಲೆಗಳ ಮೇಲೆ. ಬೆಲ್ಜಿಯಂನದು ಒಂದೆರಡು ಡಾಲರ್‌ಗೆ ಸಿಗುತ್ತೆ. ಈ ಸಲ ಹೋಲಿಸೋ ನಾಣ್ಯ ಮೊದಲು, ಆಮೇಲೆ ಉಳಿದಿದ್ದು. 1944ರ ಕಂಚಿನದಕ್ಕೆ ಸತು ಬಳಿದು ಮಾರುವವರೂ ಇದ್ದಾರೆ, ಅವರಿಗೆ ಮ್ಯಾಗ್ನೆಟ್ ಸಾಕು.

ಮಾವನಿಗೆ ಇದ್ಯಾವುದೂ ಬೇಡ. ಅವರಿಗೆ ಬೇಕಿರೋದು ತೂತು ಕಾಸು. ಅದೇ ಯುದ್ಧ, ಅದೇ ತಾಮ್ರದ ಬರ. ಬ್ರಿಟಿಷ್ ಇಂಡಿಯಾದವರು 1943ರಲ್ಲಿ ಕಾಸಿನ ನಡುವೆ ತೂತು ಹೊಡೆದು ತಾಮ್ರ ಉಳಿಸಿದರು. ಅವರಮ್ಮ ದಾರಕ್ಕೆ ಪೋಣಿಸಿಟ್ಟಿದ್ದ ಒಂದು ಗೊಂಚಲು ಹಾಸನದ ಮನೆಯ ಪೆಟ್ಟಿಗೆಯಲ್ಲಿದೆಯಂತೆ, ಅದರಲ್ಲಿ ಒಂದರ ತೂತು ನಡುವೆ ಇಲ್ಲ, ಪಕ್ಕಕ್ಕಿದೆಯಂತೆ. ಟಂಕಸಾಲೆಯ ತಪ್ಪೋ ಯಾರೋ ಕೊರೆದಿದ್ದೋ? ಅಂತ ಕೇಳಿದೆ. "ಬಂದು ನೋಡಿ" ಅಂದರು. ಡಿಸೆಂಬರ್ ಟಿಕೆಟ್ ಆಗಿದೆ.

ಅಲ್ಲಿಯವರೆಗೆ ಅವರ ಕೈ ಖಾಲಿ ಬಿಡೋದು ಬೇಡ ಅಂತ ನಿಕಲ್ ಅನ್ನುವ ಐದು ಸೆಂಟ್ ನಾಣ್ಯಗಳ ಒಂದು ಚೀಲ ತಂದಿದ್ದೀನಿ. ನಮ್ಮ ನ್ಯೂಜೆರ್ಸಿಯ ಹೆನ್ನಿಂಗ್ ಅನ್ನೋ ಭೂಪ ಮಾಡಿದ 1944ರ ನಕಲಿ ನಿಕಲ್ ಹುಡುಕೋದು. ಯುದ್ಧಕಾಲದ ಬೆಳ್ಳಿ ನಿಕಲ್‌ಗೆ ಹಿಂಬದಿಯ ಗುಮ್ಮಟದ ಮೇಲೆ ದೊಡ್ಡ ಅಕ್ಷರ ಇರುತ್ತೆ, ಅವನು ಅದನ್ನೇ ಹಾಕೋಕೆ ಮರೆತ. ತೂಕವೂ ಜಾಸ್ತಿ, 5 ಗ್ರಾಂ ಇರಬೇಕಾದ್ದು 5.4ರ ಹತ್ತಿರ. ಮಾವ ತಕ್ಕಡಿ ಮುಟ್ಟುತ್ತಿಲ್ಲ. ಒಂದೊಂದನ್ನೇ ಅಂಗೈ ಮೇಲೆ ಕುಣಿಸಿ ಪಕ್ಕಕ್ಕಿಡುತ್ತಿದ್ದಾರೆ. ಇಲ್ಲಿಯವರೆಗೆ 212 ಆಯಿತು, "ಇದು ನೋಡಿ" ಅಂತ ಒಂದನ್ನು ಕೊಟ್ಟರು. ತೂಗಿದೆ. 5.02.

"ಕೈ ತಪ್ಪಿತು" ಅಂದು ಮುಂದಿನದಕ್ಕೆ ಕೈ ಹಾಕಿದರು.